ಆಟಿಸಂ ಇರುವ ಮಗುವಿನ ಮನೆಗೆ ನಾಯಿಮರಿ: ಚೈನು ಯಾರ ಕೈಯಲ್ಲಿರಬೇಕು?

(ತುಮಕೂರಿನಲ್ಲಿ ಆಟಿಸಂ ಇರುವ ಮಕ್ಕಳ ಅಪ್ಪ-ಅಮ್ಮಂದಿರ ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ. ಸಭೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಕೊನೆಯಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಒಳಗೆ ಬರುವಾಗಲೇ ಒಂದಿಬ್ಬರು ಕೇಳಿದರು, "ಡಾಕ್ಟ್ರೇ, ನಾಯಿ ಎಲ್ಲಿ?" ಅಂತ. ತಂದಿಲ್ಲ. ಬೇಕಂತಲೇ ತಂದಿಲ್ಲ. ಇಲ್ಲಿ ಮೈಕು ಆಗಾಗ ಕುಯ್ ಅನ್ನುತ್ತಿದೆ, ಮಕ್ಕಳು ಓಡಾಡುತ್ತಿದ್ದಾರೆ, ನಾಯಿ ಕಂಡರೆ ಕುರ್ಚಿ ಹತ್ತುವ ಮಕ್ಕಳೂ ಇರಬಹುದು. ಇಂಥ ಕಡೆ ಒಂದು ನಾಯಿಯನ್ನು ತಂದು ನಿಲ್ಲಿಸಿ ಎಲ್ಲರ ಕೈಯಲ್ಲೂ ತಲೆ ಸವರಿಸಿದರೆ ಫೋಟೊ ಚೆನ್ನಾಗಿ ಬರುತ್ತದೆ, ಅಷ್ಟೇ. ನಾಯಿಗೂ ಹಿಂಸೆ, ಮಕ್ಕಳಿಗೂ ಹಿಂಸೆ.

ನಾನು ಪಶುವೈದ್ಯ. ನೌಕರಿಯ ಬಹುಪಾಲು ಕಳೆದದ್ದು ಹಸು, ಎಮ್ಮೆ, ಕುರಿಗಳ ಜೊತೆ. ನಾಯಿಗಳ ಕಡೆ ಜಾಸ್ತಿ ಗಮನ ಕೊಟ್ಟದ್ದು ಆಮೇಲೆ. "ಸಾರ್, ಮಗನಿಗೆ ಆಟಿಸಂ ಇದೆ, ಒಂದು ಮರಿ ತಂದರೆ ಸರಿ ಹೋಗ್ತಾನಾ?" ಅಂತ ಕೇಳಿಕೊಂಡು ಬರುವವರು ಹೆಚ್ಚಾದ ಮೇಲೆ. ಆಟಿಸಂ ಬಗ್ಗೆ ನಿಮಗೆ ಪಾಠ ಹೇಳುವ ಯೋಗ್ಯತೆ ನನಗಿಲ್ಲ. ನಿಮ್ಮ ಮಗುವನ್ನು ನಿಮಗಿಂತ ಚೆನ್ನಾಗಿ ಬಲ್ಲವರು ಯಾರೂ ಇಲ್ಲ. ನಾನು ನಾಯಿಯ ಪರವಾಗಿ ಮಾತಾಡಲು ಬಂದವನು ಅಂದುಕೊಳ್ಳಿ.

ಹೇಳಬೇಕಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಮರಿಯನ್ನು ಮಗುವಿಗೆ ಅಂತ ತರಬೇಡಿ. ನಿಮಗೆ ಅಂತ ತನ್ನಿ. ಅದರ ಊಟ, ಪಾಠ, ಇಂಜೆಕ್ಷನ್ನು, ಬೆಳಿಗ್ಗೆ ಐದೂವರೆಗೆ ಹೊರಗೆ ಕರೆದುಕೊಂಡು ಹೋಗುವುದು, ಎಲ್ಲ ನಿಮ್ಮ ಕೆಲಸ. ಚೈನು ಯಾವಾಗಲೂ ದೊಡ್ಡವರ ಕೈಯಲ್ಲಿ. ಹಾಗೆ ಬೆಳೆದ ನಾಯಿಯಿಂದ ಮಗುವಿಗೆ ಉಪಯೋಗ ಆಗುತ್ತದೆ. "ಇದು ನಿನ್ನ ನಾಯಿ, ನೀನೇ ನೋಡ್ಕೋ" ಅಂತ ಮಗುವಿನ ಕೈಗೆ ಕೊಟ್ಟ ನಾಯಿ ಆರು ತಿಂಗಳಿಗೆ ಕಾಂಪೌಂಡಿನಲ್ಲಿ ಕಟ್ಟಿಹಾಕಿಸಿಕೊಂಡು ಬೊಗಳುತ್ತಾ ಇರುತ್ತದೆ. ಇಂಥ ಮನೆಗಳನ್ನು ಬೇಕಾದಷ್ಟು ನೋಡಿದ್ದೇನೆ.

ಮೊಬೈಲಿನಲ್ಲಿ ವಿದೇಶದ ವಿಡಿಯೊಗಳನ್ನು ನೋಡಿರುತ್ತೀರಿ. ಮೈಮೇಲೆ ಜಾಕೆಟ್ ಹಾಕಿದ ಲ್ಯಾಬ್ರಡಾರ್. ಪಕ್ಕದಲ್ಲಿ ಒಬ್ಬ ಹುಡುಗ. ಹುಡುಗನ ಸೊಂಟದ ಬೆಲ್ಟಿನಿಂದ ನಾಯಿಯ ಎದೆಪಟ್ಟಿಗೆ ಒಂದು ಪಟ್ಟಿ. ಹುಡುಗ ಇದ್ದಕ್ಕಿದ್ದಂತೆ ರಸ್ತೆಗೆ ಓಡಲು ಹೋದರೆ ನಾಯಿ ಅಲ್ಲೇ ಊರಿ ನಿಲ್ಲುತ್ತದೆ, ಹುಡುಗ ಮುಂದೆ ಹೋಗಲಾಗುವುದಿಲ್ಲ. ನೋಡಿದವರಿಗೆ ಆಸೆಯಾಗುವುದು ಸಹಜ. ಇಂಥ ನಾಯಿಗಳನ್ನು ಮೊದಮೊದಲು ತಯಾರು ಮಾಡಿದವರಲ್ಲಿ ಕೆನಡಾದ ನ್ಯಾಷನಲ್ ಸರ್ವಿಸ್ ಡಾಗ್ಸ್ ಸಂಸ್ಥೆ ಒಂದು. 1996ರಲ್ಲಿ ಶುರುವಾದದ್ದು. ಆಮೇಲೆ ಇಂಗ್ಲೆಂಡು, ಐರ್ಲೆಂಡುಗಳಲ್ಲೂ ಬಂದವು.

ಆ ವಿಡಿಯೊವನ್ನು ಇನ್ನೊಂದು ಸಲ ನೋಡಿ. ನಾಯಿಯ ಇನ್ನೊಂದು ಹಗ್ಗ ಅಮ್ಮನ ಕೈಯಲ್ಲೋ ಅಪ್ಪನ ಕೈಯಲ್ಲೋ ಇರುತ್ತದೆ. ನಾಯಿಗೆ ಹೇಳುವವರು ಅವರು, ಮಗು ಅಲ್ಲ. ಅದರ ಹಿಂದಿನ ಕೆಲಸ ವಿಡಿಯೊದಲ್ಲಿ ಕಾಣುವುದಿಲ್ಲ. ಎಂಟು ವಾರದ ಮರಿಯನ್ನು ಒಂದು ಸ್ವಯಂಸೇವಕ ಕುಟುಂಬ ವರ್ಷಕ್ಕೂ ಮೇಲ್ಪಟ್ಟು ಸಾಕುತ್ತದೆ. ಅಂಗಡಿ, ಬಸ್ಸು, ಆಸ್ಪತ್ರೆ ಎಲ್ಲ ಕಡೆ ಸುತ್ತಾಡಿಸುತ್ತದೆ. ಆಮೇಲೆ ಮರಿ ತರಬೇತಿ ಕೇಂದ್ರಕ್ಕೆ ವಾಪಸ್ಸು. ಅಲ್ಲಿ ಇನ್ನೊಂದಷ್ಟು ತಿಂಗಳ ಪಾಠ. ಹೆಚ್ಚುಕಡಿಮೆ ಎರಡು ವರ್ಷ ತುಂಬುವಾಗ ಮಗುವಿನ ಮನೆಗೆ. ಹೋಗುವ ಮೊದಲು ಅಪ್ಪ-ಅಮ್ಮನಿಗೂ ಕ್ಲಾಸು. ಇಷ್ಟು ಜರಡಿ ಹಿಡಿದೂ ಎಷ್ಟೋ ಮರಿಗಳು ಮಧ್ಯದಲ್ಲೇ ಬಿಟ್ಟುಹೋಗುತ್ತವೆ. ಒಂದು ಪಟಾಕಿ ಸದ್ದಿಗೆ ಹೆದರುತ್ತದೆ, ಇನ್ನೊಂದು ಅಳಿಲು ಕಂಡರೆ ತಡೆಯಲಾರದು. ಅವು ಕೆಟ್ಟ ನಾಯಿಗಳಲ್ಲ. ಈ ಕೆಲಸಕ್ಕೆ ಆಗುವುದಿಲ್ಲ, ಅಷ್ಟೇ.

ಹಾಗಾಗಿ ಕೈಮುಗಿದು ಕೇಳುತ್ತೇನೆ, ಮನೆಯಲ್ಲಿ ಸಾಕಿದ ನಾಯಿಗೆ ಮಗುವನ್ನು ಕಟ್ಟಬೇಡಿ. ಒಬ್ಬ ತಾಯಿ ವೇಲಿನಿಂದ ಮಗಳ ಸೊಂಟಕ್ಕೂ ನಾಯಿಯ ಬೆಲ್ಟಿಗೂ ಗಂಟು ಹಾಕಿದ್ದನ್ನು ಕಂಡು ನನ್ನ ಎದೆ ಧಸಕ್ಕೆಂದಿತ್ತು. ಬೆಕ್ಕೊಂದು ಅಡ್ಡ ಹೋದರೆ ಸಾಕು, ಮೂವತ್ತು ಕೆಜಿಯ ನಾಯಿ ಮಗುವನ್ನೂ ಎಳೆದುಕೊಂಡೇ ಹೋಗುತ್ತದೆ.

ಮಗು ಹೇಳದೆ ಕೇಳದೆ ಹೊರಟುಬಿಡುವ ಭಯ ಮಾತ್ರ ಸುಳ್ಳಲ್ಲ. ಅಮೆರಿಕದಲ್ಲಿ ಆಟಿಸಂ ಇರುವ 1,200ಕ್ಕೂ ಹೆಚ್ಚು ಮಕ್ಕಳ ಮನೆಯವರನ್ನು ಕೇಳಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ. 49ರಷ್ಟು ಮಕ್ಕಳು ನಾಲ್ಕು ವರ್ಷ ದಾಟಿದ ಮೇಲೆ ಒಮ್ಮೆಯಾದರೂ ಹಾಗೆ ಹೊರಟುಹೋಗಲು ನೋಡಿದ್ದರು. ಅಲ್ಲಿ ದೊಡ್ಡ ಅಪಾಯ ಎರಡು, ವಾಹನ ಮತ್ತು ನೀರು. ನಮ್ಮ ಜಿಲ್ಲೆಯಲ್ಲಿ ಎರಡಕ್ಕೂ ಬರವಿಲ್ಲ. ಊರ ಪಕ್ಕದಲ್ಲೇ ಹೈವೇ, ಊರೊಳಗೆ ಅಮಾನಿಕೆರೆ, ಹಳ್ಳಿ ಕಡೆ ಹೇಮಾವತಿ ನಾಲೆ, ತೋಟಕ್ಕೊಂದು ತೊಟ್ಟಿ, ಈಗ ಎಲ್ಲಿ ನೋಡಿದರೂ ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡ. ಆ ಪ್ಲಾಸ್ಟಿಕ್ಕು ಎಷ್ಟು ಜಾರುತ್ತದೆ ಅಂದರೆ ದೊಡ್ಡವರು ಬಿದ್ದರೂ ಹತ್ತಿ ಬರುವುದು ಕಷ್ಟ.

ಗುಬ್ಬಿ ಕಡೆಯ ಒಂದು ತೆಂಗಿನ ತೋಟದ ಮನೆ. ಹುಡುಗನಿಗೆ ಏಳೋ ಎಂಟೋ ವರ್ಷ. ಪಂಪ್‌ಹೌಸಿನಲ್ಲಿ ಮೋಟಾರು ಶುರುವಾಗುವ ಸದ್ದು ಕೇಳಿದರೆ ಸಾಕು, ಎಲ್ಲಿದ್ದರೂ ಎದ್ದು ಓಡುತ್ತಾನೆ. ಪೈಪಿನಿಂದ ತೊಟ್ಟಿಗೆ ಬೀಳುವ ನೀರನ್ನು ನೋಡುತ್ತಾ ನಿಲ್ಲಬೇಕು ಅವನಿಗೆ. ತ್ರೀ ಫೇಸ್ ಕರೆಂಟು ರಾತ್ರಿ ಎರಡಕ್ಕೆ ಬಂದರೆ ರಾತ್ರಿ ಎರಡಕ್ಕೇ. ಅವರಪ್ಪ ಬಂದು, "ಸಾರ್, ಅವನನ್ನು ತಡೆಯುವ ನಾಯಿ ಬೇಕು" ಅಂದರು. ನಾನು ಕೊಟ್ಟದ್ದು ನಾಯಿಯನ್ನಲ್ಲ, ಮೂರು ಕೆಲಸ. ತೊಟ್ಟಿಗೆ ಸುತ್ತ ಬೇಲಿ ಹಾಕಿ ಗೇಟಿಗೆ ಬೀಗ ಹಾಕಿ. ಮನೆ ಬಾಗಿಲಿಗೆ ಮೇಲ್ಗಡೆ ಚಿಲಕ, ಜೊತೆಗೆ ತೆರೆದರೆ ಸದ್ದಾಗುವ ಒಂದು ಗಂಟೆ. ದಿನಕ್ಕೊಮ್ಮೆ ನೀವೇ ಕೈಹಿಡಿದು ಕರೆದುಕೊಂಡು ಹೋಗಿ ಆ ನೀರನ್ನು ತೋರಿಸಿ. ಇಷ್ಟೂ ಆದ ಮೇಲೆ ಮರಿಯ ಮಾತು. ಬೇಲಿ ಮಾಡುವ ಕೆಲಸವನ್ನು ನಾಯಿಯ ತಲೆಗೆ ಕಟ್ಟಬಾರದು. ಅವರು ಎಲ್ಲ ಮಾಡಿದರು. ಆಮೇಲೆ ಮರಿಯೂ ಬಂತು. ಈಗ ಅದು ಮಾಡುವುದಿಷ್ಟೇ, ಹುಡುಗ ಹೊಸಲು ದಾಟಿದರೆ ಹಿಂದೆಯೇ ಹೋಗಿ ಬೊಗಳುತ್ತದೆ. ಅಷ್ಟಾದರೆ ಸಾಲದಾ?

ಹಾಗಾದರೆ ಸಾಧಾರಣ ಸಾಕುನಾಯಿಯಿಂದ ಮಗುವಿಗೆ ಏನು ಸಿಗುತ್ತದೆ? ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ, ಉಬ್ಬಿಸುವುದಿಲ್ಲ. ಫ್ರಾನ್ಸಿನವರು ಮಾಡಿ 2012ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಇದೆ. ಹುಟ್ಟಿದಾಗಿನಿಂದ ಸಾಕುಪ್ರಾಣಿ ಇದ್ದ ಮನೆಯ ಮಕ್ಕಳು, ಐದು ವರ್ಷ ದಾಟಿದ ಮೇಲೆ ಪ್ರಾಣಿ ಬಂದ ಮನೆಯ ಮಕ್ಕಳು, ಪ್ರಾಣಿಯೇ ಇಲ್ಲದ ಮನೆಯ ಮಕ್ಕಳು, ಇವರನ್ನು ಹೋಲಿಸಿದರು. ಎಲ್ಲರೂ ಆಟಿಸಂ ಇದ್ದವರೇ. ಐದು ವರ್ಷದ ಮೇಲೆ ಪ್ರಾಣಿ ಬಂದ ಮಕ್ಕಳಲ್ಲಿ ಎರಡು ವಿಷಯಗಳಲ್ಲಿ ಸುಧಾರಣೆ ಕಂಡಿತು. ತನ್ನದನ್ನು ಇನ್ನೊಬ್ಬರ ಜೊತೆ ಹಂಚಿಕೊಳ್ಳುವುದು ಒಂದು, ನೊಂದವರನ್ನು ಸಮಾಧಾನ ಮಾಡಲು ಹೋಗುವುದು ಇನ್ನೊಂದು. ಅವರು ಅಳೆದ ಬಾಕಿ ವಿಷಯಗಳಲ್ಲಿ ಇಲ್ಲ. ಹುಟ್ಟಿದಾಗಿನಿಂದ ಪ್ರಾಣಿ ಇದ್ದ ಮಕ್ಕಳಲ್ಲಿ ಅದೂ ಕಾಣಲಿಲ್ಲ. ಮಗು ಸ್ವಲ್ಪ ದೊಡ್ಡದಾದ ಮೇಲೆ, ಮನೆಯಲ್ಲಿ ಎಲ್ಲರೂ ಹೊಸ ಮರಿಯ ಸುತ್ತ ಸೇರಿದಾಗ, ಏನೋ ಬದಲಾಗುತ್ತದೆ ಅಂತ ಕಾಣುತ್ತದೆ.

ಇನ್ನೊಂದು ಕೆನಡಾದ್ದು, 2010ರದ್ದು. ತರಬೇತಾದ ನಾಯಿಗಳನ್ನು 42 ಮಕ್ಕಳ ಮನೆಗೆ ಕೊಟ್ಟು, ಮಕ್ಕಳ ಎಂಜಲಿನಲ್ಲಿ ಕಾರ್ಟಿಸಾಲ್ ಅಳೆದರು. ಮೈಗೆ ಒತ್ತಡವಾದಾಗ ಏರುವ ಹಾರ್ಮೋನು ಅದು. ಬೆಳಿಗ್ಗೆ ಎದ್ದ ಮೇಲಿನ ಅರ್ಧ ಗಂಟೆಯಲ್ಲಿ ಹೆಚ್ಚಿನವರಿಗೆ ಏರುತ್ತದೆ. ನಾಯಿ ಬರುವ ಮುಂಚೆ ಈ ಮಕ್ಕಳಲ್ಲಿ ಶೇ. 58ರಷ್ಟು ಏರುತ್ತಿತ್ತು. ನಾಯಿ ಇದ್ದಾಗ ಶೇ. 10. ನಾಯಿಯನ್ನು ಕೆಲವು ದಿನ ವಾಪಸ್ ಕರೆದುಕೊಂಡಾಗ ಮತ್ತೆ ಶೇ. 48. ನನಗೆ ಇದರಲ್ಲಿ ಮುಖ್ಯವಾಗಿ ಕಾಣುವುದು ಕೊನೆಯ ಅಂಕಿ. ನಾಯಿ ಹೋದರೆ ಒತ್ತಡ ವಾಪಸ್ಸು. ಅಂದರೆ ಮರಿ ತಂದು, ಸಾಕಾಯಿತು ಅಂತ ಆರು ತಿಂಗಳಿಗೆ ತೋಟಕ್ಕೆ ಬಿಟ್ಟುಬರುವ ಪೈಕಿಯವರು ತರದೇ ಇರುವುದು ಮೇಲು.

ಪ್ರಾಣಿ ನಾಯಿಯೇ ಆಗಬೇಕು ಅಂತಲೂ ಇಲ್ಲ. ಆಸ್ಟ್ರೇಲಿಯಾದ ಶಾಲೆಗಳಲ್ಲಿ ಗಿನಿ ಪಿಗ್ ಇಟ್ಟು ನೋಡಿದ್ದಾರೆ. ಬರೀ ಆಟಿಕೆ ಇದ್ದಾಗಿನದಕ್ಕಿಂತ ಆ ಪುಟ್ಟ ಪ್ರಾಣಿ ಇದ್ದಾಗ ಆಟಿಸಂ ಮಕ್ಕಳು ಜಾಸ್ತಿ ನಕ್ಕರು, ಜಾಸ್ತಿ ಮಾತಾಡಿದರು. ನನಗೆ ಗೊತ್ತಿರುವ ಒಬ್ಬ ಹುಡುಗ ನಾಯಿಯನ್ನು ತಿರುಗಿಯೂ ನೋಡಲಿಲ್ಲ, ಕೊಟ್ಟಿಗೆಯಲ್ಲಿ ಕರುವಿನ ಕತ್ತು ತಬ್ಬಿಕೊಂಡು ಕೂತ. ಕರು ಬೊಗಳುವುದಿಲ್ಲ, ಮೇಲೆ ಹಾರುವುದಿಲ್ಲ. ಅವನ ಲೆಕ್ಕ ಸರಿಯಾಗಿಯೇ ಇತ್ತು.

ಆದ್ದರಿಂದ ಮೊದಲು ಮಗುವಿನ ಒಪ್ಪಿಗೆ. ಪರಿಚಯದವರ ಮನೆಯಲ್ಲಿ ಸಾಧು ನಾಯಿ ಇದ್ದರೆ ಆಗಾಗ ಕರೆದುಕೊಂಡು ಹೋಗಿ. ಮುಟ್ಟು ಅಂತ ಒತ್ತಾಯ ಬೇಡ, ಸುಮ್ನೆ ಕೂತು ನೋಡಿ. ಬೊಗಳಿದಾಗ ಕಿವಿ ಮುಚ್ಚಿಕೊಳ್ಳುತ್ತದಾ? ನಾಲಿಗೆ ತಾಗಿದರೆ ಕೈ ಉಜ್ಜಿ ಉಜ್ಜಿ ಒರೆಸಿಕೊಳ್ಳುತ್ತದಾ? ನಾಯಿಯ ವಾಸನೆಗೆ ವಾಕರಿಕೆ ಬರುತ್ತದಾ? ಅಥವಾ ತಾನಾಗಿ ಹತ್ತಿರ ಜರುಗುತ್ತದಾ? ಬೊಗಳುವ ಸದ್ದನ್ನೇ ತಡೆಯಲಾರದ ಮಗುವಿನ ಮನೆಗೆ ನಾಯಿ ತಂದರೆ ಇಪ್ಪತ್ತನಾಲ್ಕು ಗಂಟೆ ಶಿಕ್ಷೆ ಕೊಟ್ಟಂತೆ.

ಮಗು ಒಪ್ಪಿತು ಅನ್ನಿ. ಯಾವ ಮರಿ? ವಿದೇಶಗಳಲ್ಲಿ ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್ ಜಾಸ್ತಿ ಬಳಸುತ್ತಾರೆ. ಸ್ವಭಾವ ಸಾಧು, ತಿಂಡಿಪೋತ, ಅದಕ್ಕೇ ಕಲಿಸುವುದು ಸುಲಭ. ಗೋಲ್ಡನ್ನಿನ ಆ ಕೂದಲು ಪಾವಗಡದ ಬಿಸಿಲಿಗೆ ಹೇಳಿದ್ದಲ್ಲ. ಮುಧೋಳ ನಮ್ಮ ಹೆಮ್ಮೆಯ ತಳಿ, ಆದರೆ ಅದು ಓಡಿ ಬೇಟೆಯಾಡಲು ಹುಟ್ಟಿದ ನಾಯಿ, ಈ ಕೆಲಸಕ್ಕೆ ನಾನು ಹೇಳುವುದಿಲ್ಲ. ನಾಟಿ ನಾಯಿ ಆಗುತ್ತದಾ ಅಂದರೆ, ಧಾರಾಳವಾಗಿ ಆಗುತ್ತದೆ. ಇಲ್ಲಿನ ಹವೆಗೆ ಒಗ್ಗಿದ್ದು. ತಳಿಗಿಂತ ಆ ಒಂದು ಮರಿಯ ಗುಣ ಮುಖ್ಯ.

ಗುಣ ನೋಡಲು ಒಂದು ಸರಳ ದಾರಿ ಇದೆ. ಮರಿ ಆಡುತ್ತಿರುವಾಗ, ಅದರಿಂದ ಏಳೆಂಟು ಅಡಿ ದೂರದಲ್ಲಿ ಒಂದು ಸ್ಟೀಲ್ ತಟ್ಟೆಯನ್ನು ಕೈಜಾರಿ ಬಿದ್ದಂತೆ ಬೀಳಿಸಿ. ಎಲ್ಲ ಮರಿಗಳೂ ಬೆಚ್ಚುತ್ತವೆ. ಬೆಚ್ಚುವುದನ್ನು ನೋಡಬೇಡಿ, ಆಮೇಲೆ ಏನು ಮಾಡುತ್ತದೆ ನೋಡಿ. ಒಂದು ಮರಿ ಮೂಲೆ ಸೇರಿ ಎಷ್ಟು ಹೊತ್ತಾದರೂ ಈಚೆ ಬರುವುದಿಲ್ಲ. ಒಂದು ತಟ್ಟೆಯ ಮೇಲೇ ಎಗರಿ ಕಚ್ಚುತ್ತದೆ. ಇನ್ನೊಂದು ಬೆಚ್ಚಿ, ನಿಂತು, ಕತ್ತು ಓರೆ ಮಾಡಿ, ಮೆಲ್ಲಗೆ ಬಂದು ತಟ್ಟೆಯನ್ನು ಮೂಸಿ, ಬಾಲ ಅಲ್ಲಾಡಿಸುತ್ತದೆ. ನಿಮಗೆ ಬೇಕಾದದ್ದು ಆ ಮೂರನೆಯದು. ನಿಮ್ಮ ಮನೆಯಲ್ಲಿ ತಟ್ಟೆಗಳು ಬೀಳುತ್ತವೆ. ಎಸೆದೂ ಬೀಳುತ್ತವೆ, ಅಲ್ವಾ?

ತಾಯಿಯನ್ನು ತೋರಿಸದೆ ಮರಿ ಮಾರುವವರ ಹತ್ತಿರ ಕೊಳ್ಳಬೇಡಿ. ತಾಯಿ ಅಂಜುಬುರುಕಿಯಾದರೆ ಮರಿಗಳೂ ಹಾಗಾಗುವುದು ಜಾಸ್ತಿ. ಇನ್ನೊಂದು, ನಮ್ಮಲ್ಲಿ ಮೂವತ್ತು ದಿನಕ್ಕೇ ಮರಿ ಕೊಟ್ಟುಬಿಡುವ ಕೆಟ್ಟ ರೂಢಿ ಇದೆ. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ ಅಂತ 2017ರ ಕೇಂದ್ರ ನಿಯಮ ಹೇಳುತ್ತದೆ. ನಿಯಮ ಆಚೆಗಿರಲಿ, ಕಾರಣ ಕೇಳಿ. ಮರಿಗಳು ಒಂದನ್ನೊಂದು ಕಚ್ಚಿ ಆಡುವಾಗ ಜೋರಾಗಿ ಕಚ್ಚಿದರೆ ಇನ್ನೊಂದು ಕುಂಯ್ ಅಂದು ಆಟ ಬಿಟ್ಟು ಹೋಗುತ್ತದೆ, ತಾಯಿ ಗದರುತ್ತದೆ. ಎಷ್ಟು ಮೆತ್ತಗೆ ಬಾಯಿ ಹಾಕಬೇಕು ಅನ್ನುವುದನ್ನು ಮರಿ ಕಲಿಯುವುದು ಅಲ್ಲೇ. ಮೂವತ್ತು ದಿನಕ್ಕೆ ಬಂದ ಮರಿ ಆ ಪಾಠವನ್ನು ನಿಮ್ಮ ಮಗುವಿನ ಕೈಮೇಲೆ ಕಲಿಯುತ್ತದೆ.

ಮೂರನೇ ವಾರದಿಂದ ಹನ್ನೆರಡು-ಹದಿನಾಲ್ಕನೇ ವಾರದವರೆಗೆ ಮರಿಯ ಮನಸ್ಸು ತೆರೆದಿರುತ್ತದೆ. ಆಗ ಹೆದರಿಕೆಯಿಲ್ಲದೆ ನೋಡಿದ್ದು, ಕೇಳಿದ್ದು, ಮುಟ್ಟಿದ್ದು ಮುಂದೆ ಮಾಮೂಲಿ ಆಗುತ್ತದೆ. ತೊಂದರೆ ಏನೆಂದರೆ ಲಸಿಕೆ ಪೂರ್ತಿಯಾಗುವುದು ಅದಾದ ಮೇಲೆ. ಪಾರ್ವೊ ಅನ್ನುವ ವೈರಸ್ ಕಾಯಿಲೆ ನಮ್ಮ ಬೀದಿಗಳಲ್ಲಿ ಬೇಕಾದಷ್ಟಿದೆ, ರಕ್ತಭೇದಿಯಾಗಿ ಎರಡೇ ದಿನದಲ್ಲಿ ಮರಿ ಹೋಗಿಬಿಡಬಹುದು. ಅದಕ್ಕೆ ಉಪಾಯ, ಮರಿಯನ್ನು ನೆಲಕ್ಕೆ ಬಿಡದೆ ಕಂಕುಳಲ್ಲಿ ಎತ್ತಿಕೊಂಡು ಓಡಾಡಿ. ಬಸ್‌ಸ್ಟ್ಯಾಂಡಿನ ಗಲಾಟೆ, ಸಂತೆ, ಶಾಲೆ ಬಿಡುವ ಹೊತ್ತು, ಎಲ್ಲವನ್ನೂ ಕೈಯಲ್ಲಿದ್ದುಕೊಂಡೇ ನೋಡಲಿ. ಮೊದಲ ಲಸಿಕೆ ಆರರಿಂದ ಎಂಟು ವಾರಕ್ಕೆ, ಆಮೇಲೆ ಮೂರು-ನಾಲ್ಕು ವಾರಕ್ಕೊಂದರಂತೆ ಹದಿನಾರು ವಾರದವರೆಗೆ. ರೇಬಿಸ್‌ನದ್ದು ಮೂರು ತಿಂಗಳಿಗೆ. ಜಂತುಹುಳದ ಔಷಧಿ ಮರೆಯಬೇಡಿ, ನೆಲದಲ್ಲಿ ಆಡಿ ಕೈ ಬಾಯಿಗೆ ಹಾಕುವ ಮಕ್ಕಳಿರುವ ಮನೆ.

ಈಗ ಸದ್ದಿನ ಪಾಠ. ಇದಕ್ಕೆ ಜಾಸ್ತಿ ಹೊತ್ತು ತೆಗೆದುಕೊಳ್ಳುತ್ತೇನೆ, ಯಾಕೆಂದರೆ ಯಾರೂ ಮಾಡುವುದಿಲ್ಲ. ನಮ್ಮ ಮನೆಗಳ ಸದ್ದು ಯಾವುವು? ಕುಕ್ಕರ್ ಸೀಟಿ, ಮಿಕ್ಸಿ, ಮೋಟಾರು, ಟ್ರ್ಯಾಕ್ಟರು, ಗಣೇಶನ ಮುಂದೆ ತಮಟೆ, ದೀಪಾವಳಿ ಪಟಾಕಿ. ಇವುಗಳ ಜೊತೆಗೆ ನಿಮ್ಮ ಮನೆಯದ್ದೇ ಆದ ಒಂದು ಸದ್ದಿದೆ. ನಿಮ್ಮ ಮಗುವಿನ ಕೂಗು. ಮೆಲ್ಟ್‌ಡೌನ್ ಆದಾಗ, ಅಂದರೆ ತಡೆಯಲಾರದೆ ಪೂರ್ತಿ ಕೈಮೀರಿದಾಗ, ಮಗು ಕಿರುಚುತ್ತದಲ್ಲ, ಅದು. ಮರಿ ಬರುವ ಮೊದಲೇ ಅದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಕಷ್ಟದ ಕೆಲಸ, ಗೊತ್ತು. ಮಗು ಅಳುವಾಗ ಮೊಬೈಲು ಹಿಡಿಯುವುದು ಯಾರಿಗೂ ಆಗುವುದಿಲ್ಲ. ಮನೆಯ ಇನ್ನೊಬ್ಬರು ಪಕ್ಕದ ರೂಮಿನಿಂದ ಮಾಡಿದರೂ ಆಗುತ್ತದೆ.

ಮರಿಗೆ ಊಟ ಇಡುವಾಗ ಆ ರೆಕಾರ್ಡನ್ನು ಕಿವಿಗೊಟ್ಟರೆ ಮಾತ್ರ ಕೇಳುವಷ್ಟು ಮೆಲ್ಲಗೆ ಹಾಕಿ. ಮಗು ಮಲಗಿರುವಾಗ ಅಥವಾ ಸ್ಕೂಲಿಗೆ ಹೋಗಿರುವಾಗ. ಮರಿ ತಲೆ ಎತ್ತದೆ ತಿನ್ನುತ್ತಿದ್ದರೆ ಎರಡು ದಿನ ಬಿಟ್ಟು ಒಂದು ಗೆರೆ ಏರಿಸಿ. ತಿನ್ನುವುದು ನಿಲ್ಲಿಸಿ ಕಿವಿ ಹಿಂದಕ್ಕೆ ಒತ್ತಿದರೆ ನೀವು ಆತುರಪಟ್ಟಿದ್ದೀರಿ, ಕೆಳಗಿಳಿಸಿ. ವಾರಗಟ್ಟಲೆ ಹಿಡಿಯುತ್ತದೆ. ಕೊನೆಗೆ ಆ ಕೂಗು ಮರಿಗೆ ಊಟದ ಸದ್ದಾಗುತ್ತದೆ. ಮಗು ಕೈ ಬಡಿಯುವುದು, ಕುಣಿಯುವುದು, ಗಿರ್ರನೆ ಸುತ್ತುವುದು ಇದ್ದರೆ ಅದನ್ನೂ ಹೀಗೇ. ಮೊದಲು ನೀವು ದೂರದಲ್ಲಿ ನಿಂತು ಹಾಗೆ ಮಾಡಿ, ಇನ್ನೊಬ್ಬರು ಮರಿಗೆ ತಿಂಡಿ ಚೂರು ಹಾಕಲಿ. ಪಕ್ಕದ ಮನೆಯವರು ನೋಡಿ ನಕ್ಕರೆ ನಗಲಿ.

ಮುಟ್ಟುವ ಪಾಠವೂ ಹೀಗೆಯೇ. ಕಿವಿಯನ್ನು ಮೆಲ್ಲಗೆ ಹಿಡಿದು ಒಂದು ಚೂರು ಕೋಳಿ. ಬಾಲ ಮುಟ್ಟಿ ಒಂದು ಚೂರು. ಪಂಜ, ತುಟಿ, ಹೊಟ್ಟೆ, ತಬ್ಬುವುದು. ಮಗು ಎಂದಾದರೊಂದು ದಿನ ಬಾಲ ಎಳೆದೇ ಎಳೆಯುತ್ತದೆ. ಆ ದಿನ ನಾಯಿಗೆ ಅದು ಹೊಸತಾಗಿರಬಾರದು. ಹಾಗಂತ ಎಳೆಯಲು ಬಿಡಿ ಅಂತಲ್ಲ. ಮರಿ ಮತ್ತು ಮಗು ಒಟ್ಟಿಗೆ ಇರುವಾಗ ಒಬ್ಬ ದೊಡ್ಡವರು ಪಕ್ಕದಲ್ಲಿ, ಮೊಬೈಲಿಲ್ಲದೆ. ಐದು ನಿಮಿಷ ಸಾಕು, ಇಬ್ಬರಿಗೂ ಬೇಜಾರಾಗುವ ಮೊದಲೇ ಮುಗಿಸಿ. ನಾಲ್ಕರಿಂದ ಆರು ತಿಂಗಳಲ್ಲಿ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುತ್ತವೆ, ಸಿಕ್ಕಿದ್ದನ್ನೆಲ್ಲ ಕಚ್ಚುವ ಕಾಲ. ಒದ್ದೆ ಬಟ್ಟೆಯನ್ನು ಗಂಟು ಹಾಕಿ ಫ್ರಿಜ್ಜಿನಲ್ಲಿಟ್ಟು ಕೊಡಿ. ನಮ್ಮ ಕಡೆ ತೆಂಗಿನಸಿಪ್ಪೆ ಎಸೆದು ಆಡಲು ಬಿಡುತ್ತಾರೆ, ಬೇಡ. ನಾರು ನುಂಗಿದರೆ ಕರುಳಿಗೆ ಸಿಕ್ಕಿಕೊಳ್ಳುತ್ತದೆ.

ಮರಿಗೆ ಒಂದು ಜಾಗ ಬೇಕು, ಮಗು ಹೋಗಬಾರದ ಜಾಗ. ಮೆಟ್ಟಿಲ ಕೆಳಗಾದರೂ ಸರಿ, ಒಂದು ಗೋಣಿಚೀಲ, ಅಡ್ಡಕ್ಕೊಂದು ಹಲಗೆ. ಎಳೆ ಮರಿ ದಿನಕ್ಕೆ ಹದಿನೆಂಟು-ಇಪ್ಪತ್ತು ಗಂಟೆ ನಿದ್ದೆ ಮಾಡುತ್ತದೆ. ನಿದ್ದೆಗೆಟ್ಟ ಮರಿ ಕಚ್ಚುತ್ತದೆ. ಮಾತು ಕಲಿಯದ ಮಗುವಿಗೆ ಆ ಹಲಗೆಯ ಮೇಲೆ ಒಂದು ಚಿತ್ರ ಅಂಟಿಸಿ. ಥೆರಪಿಯಲ್ಲಿ ಪಿಕ್ಚರ್ ಕಾರ್ಡ್ ಬಳಸುತ್ತಿದ್ದರೆ ಅದೇ ಥರದ್ದು.

ಚಿತ್ರದ ಮಾತು ಬಂದದ್ದಕ್ಕೆ ಹೇಳುತ್ತೇನೆ. ನಾಯಿಗೆ ಬಾಯಿಮಾತಿಗಿಂತ ಕೈಸನ್ನೆ ಬೇಗ ಹತ್ತುತ್ತದೆ. ಇದು ನಮ್ಮ ಮಕ್ಕಳಿಗೆ ವರ. ಮಾತಾಡದ ಒಬ್ಬಳು ಹುಡುಗಿ, ಒಂಬತ್ತು ವರ್ಷದವಳು. ಅವಳ ಅಮ್ಮ ನಾಯಿಗೆ ಅಂಗೈ ಮೇಲೆತ್ತಿದರೆ ಕೂರುವುದನ್ನು ಗಟ್ಟಿಯಾಗಿ ಕಲಿಸಿದ್ದರು. ಒಂದು ಸಂಜೆ ಹುಡುಗಿ ಜಗಲಿಯ ಮೇಲೆ ಕೂತು, ಯಾರೂ ಹೇಳದೆ, ಅಂಗೈ ಎತ್ತಿದಳು. ಪೂರ್ತಿ ಎತ್ತಲಿಲ್ಲ, ಬೆರಳು ಮಡಿಚೇ ಇದ್ದವು. ನಾಯಿ ಅವಳ ಕೈಯನ್ನೊಮ್ಮೆ, ಅಮ್ಮನ ಮುಖವನ್ನೊಮ್ಮೆ ನೋಡಿತು. ಕೂತಿತು. ಹುಡುಗಿ ಕೈ ಇಳಿಸಿದಳು. ನಾಯಿ ಎದ್ದಿತು. ಮತ್ತೆ ಎತ್ತಿದಳು, ಮತ್ತೆ ಕೂತಿತು. ಅಮ್ಮ ಪ್ರತಿ ಸಲ ಹಿಂದಿನಿಂದ ಒಂದು ಚೂರು ಎಸೆಯುತ್ತಲೇ ಇದ್ದರು. ಡಬ್ಬಿ ಖಾಲಿಯಾಯಿತು, ಒಳಗೆ ಹೋಗಿ ಚಪಾತಿ ಹರಿದು ತಂದರು. ತಾನು ಹೇಳಿದ್ದು ಇನ್ನೊಂದು ಜೀವಕ್ಕೆ ಆ ಕ್ಷಣದಲ್ಲೇ ಅರ್ಥವಾಗುವುದು ಆ ಮಗುವಿಗೆ ದಿನಾ ಸಿಗುವಂಥದ್ದಲ್ಲ. ಇಲ್ಲೂ ಗಮನಿಸಿ, ತಿಂಡಿ ಅಮ್ಮನ ಕೈಯಲ್ಲಿತ್ತು, ಪಾಠ ಅಮ್ಮ ಮಾಡಿದ್ದು.

ಪಾಠದಲ್ಲಿ ಮನೆಯವರೆಲ್ಲ ಒಂದೇ ಥರ ಇರಬೇಕು. ಅಜ್ಜಿ "ಕೂರು" ಅಂದು, ಅಪ್ಪ "ಸಿಟ್" ಅಂದು, ಅಣ್ಣ ಸೀಟಿ ಹೊಡೆದರೆ ಮರಿ ತಲೆ ಕೆಡಿಸಿಕೊಳ್ಳುತ್ತದೆ. ಹೊಡೆದು ಕಲಿಸುವ, ಕುತ್ತಿಗೆ ಬಿಗಿಯುವ ಚೈನು ಹಾಕುವ ಟ್ರೈನರ್‌ಗಳ ಹತ್ತಿರ ಹೋಗಲೇಬೇಡಿ. ಹೊಡೆತ ತಿಂದ ನಾಯಿ ಹೊಡೆದವನಿಗೆ ಹೆದರುತ್ತದೆ. ಹೆದರದೆ ಇರುವುದು ಯಾರಿಗೆ? ಮನೆಯಲ್ಲಿರುವ ಅತಿ ಚಿಕ್ಕವರಿಗೆ.

ನಾಯಿ ಸಾಕು ಅನ್ನುವುದನ್ನು ಹೇಗೆ ಹೇಳುತ್ತದೆ ಗೊತ್ತಾ? ನಿದ್ದೆ ಬರದಿದ್ದರೂ ಆಕಳಿಸುತ್ತದೆ. ಮೂಗು ನೆಕ್ಕಿಕೊಳ್ಳುತ್ತದೆ. ಮುಖ ತಿರುಗಿಸುತ್ತದೆ. ಕಣ್ಣಿನ ಬಿಳಿ ಕಾಣುತ್ತದೆ. ಮೈ ಮರಗಟ್ಟಿ ನಿಲ್ಲುತ್ತದೆ. ಇಷ್ಟೂ ಆದ ಮೇಲೆ ಗುರ್ ಅನ್ನುತ್ತದೆ. ನಾವು ನೋಡುವುದು ಗುರ್ ಅಂದಾಗ ಮಾತ್ರ, ನೋಡಿ ಹೊಡೆಯುತ್ತೇವೆ. ಗುರ್ ಅಂದದ್ದಕ್ಕೆ ಹೊಡೆದರೆ ಮುಂದಿನ ಸಲ ಗುರ್ ಅನ್ನದೆ ಕಚ್ಚುತ್ತದೆ. ಗುರ್ ಅಂದರೆ ಮಗುವನ್ನು ಎತ್ತಿಕೊಂಡು ಆಚೆ ಬನ್ನಿ, ನಾಯಿಯನ್ನು ಬಿಡಿ, ಯಾಕೆ ಹಾಗಂದಿತು ಅಂತ ಯೋಚಿಸಿ. ಮುಖ ನೋಡಿ ಮನಸ್ಸು ತಿಳಿಯುವುದು ನಿಮ್ಮ ಮಗುವಿಗೆ ಕಷ್ಟ. ಹಾಗಾಗಿ ನಾಯಿಯ ಮುಖವನ್ನು ಮಗುವಿನ ಪರವಾಗಿ ನೀವು ಓದಬೇಕು.

ಕಡಿತದ ಬಗ್ಗೆ ಒಂದು ಮಾತು. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕಿಸುವ ಔಷಧಿ ಇಲ್ಲ. ನಿಮ್ಮ ಮಗು ಬೀದಿಯಲ್ಲಿ ನಾಯಿ ಪರಚಿದ್ದನ್ನು ಮನೆಗೆ ಬಂದು ಹೇಳದೇ ಇರಬಹುದು. ಹೇಳಲು ಬಾರದೇ ಇರಬಹುದು, ನೋವೇ ಅಷ್ಟು ತಿಳಿಯದೇ ಇರಬಹುದು. ಮನೆಯಲ್ಲಿ ನಾಯಿ ಬಂದ ಮೇಲೆ ಮಗು ಬೀದಿನಾಯಿಗಳ ಹತ್ತಿರವೂ ಧೈರ್ಯವಾಗಿ ಹೋಗುತ್ತದೆ. ಸ್ನಾನ ಮಾಡಿಸುವಾಗ ಕೈಕಾಲು ನೋಡಿ. ಗೀರು ಕಂಡರೆ ಸೋಪು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಅವತ್ತೇ ಸರ್ಕಾರಿ ಆಸ್ಪತ್ರೆಗೆ. ಅರಿಶಿನ, ಸುಣ್ಣ, ಖಾರದಪುಡಿ ಹಚ್ಚುತ್ತಾ ಕೂರಬೇಡಿ.

ಈಗ ಪ್ರಶ್ನೆಗಳು. ಮೊದಲು ಕೇಳಿದವರು ಒಬ್ಬ ಅಜ್ಜಿ. "ನಾಯಿ ಒಳಗೆ ಬಂದರೆ ಮಡಿ ಹೆಂಗಪ್ಪಾ?" ನಾನು ಉತ್ತರ ಹುಡುಕುವಷ್ಟರಲ್ಲಿ ಹಿಂದಿನ ಸಾಲಿನಿಂದ ಒಬ್ಬರು, "ದತ್ತಾತ್ರೇಯನ ಕಾಲ ಹತ್ರ ನಾಲ್ಕು ನಾಯಿ ಇದಾವಲ್ಲ ಅಜ್ಜಿ" ಅಂದರು. ಅಜ್ಜಿ ಬಿಡಲಿಲ್ಲ, "ಅವು ದೇವರ ಮನೇಲಿ ಉಚ್ಚೆ ಹುಯ್ಯಲ್ಲ ಕಣಪ್ಪಾ" ಅಂದರು. ಅಜ್ಜಿ ಹೇಳಿದ್ದೇ ಸರಿ. ದೇವರ ಮನೆ, ಅಡುಗೆ ಮನೆಗೆ ಮರಿ ಹೋಗದಂತೆ ಮೊದಲ ದಿನದಿಂದಲೇ ಕಲಿಸಬಹುದು. ಎದ್ದ ಕೂಡಲೇ, ಉಂಡ ಕೂಡಲೇ, ಆಡಿದ ಕೂಡಲೇ ಹೊರಗೆ ಕರೆದುಕೊಂಡು ಹೋದರೆ ಮನೆ ಗಲೀಜು ಮಾಡುವುದೂ ಬೇಗ ನಿಲ್ಲುತ್ತದೆ. ಆದರೆ ಅಜ್ಜಿಗೆ ಒಪ್ಪಿಗೆ ಇಲ್ಲದ ಮನೆಗೆ ನಾಯಿ ತರಬೇಡಿ. ಹಗಲೆಲ್ಲ ಮಗು ಮತ್ತು ಮರಿಯ ಜೊತೆ ಇರುವವರು ಅವರೇ.

ಆನ್‌ಲೈನಿನಲ್ಲಿ ಸರ್ವಿಸ್ ಡಾಗ್ (ತರಬೇತಾದ ನೆರವಿನ ನಾಯಿ) ಅಂತ ಬರೆದ ಜಾ​ಕೆಟ್ ಸಿಗುತ್ತದೆ, ಹಾಕಿಸಿದರೆ ಬಸ್ಸಿಗೆ, ಶಾಲೆಗೆ ಬಿಡುತ್ತಾರಾ ಅಂತ ಒಬ್ಬರು ಕೇಳಿದರು. ಇಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳ ಪಟ್ಟಿಯಲ್ಲಿ ಆಟಿಸಂ ಇದೆ. ಆದರೆ ನಾಯಿಯನ್ನು ಜೊತೆಗೆ ಒಯ್ಯುವ ಹಕ್ಕಿನ ಮಾತು ಅದರಲ್ಲಿಲ್ಲ. ಜಾಕೆಟ್ಟಿನ ದುಡ್ಡಿಗೆ ಉಣ್ಣೆಹುಳದ ಔಷಧಿ ತನ್ನಿ.

ಊಟ ಏನು ಹಾಕಬೇಕು? ಅನ್ನ, ಮೊಸರು, ಬೇಯಿಸಿದ ಮೊಟ್ಟೆ, ಕೋಳಿ, ರಾಗಿ, ಎಲ್ಲ ಆಗುತ್ತದೆ. ಈರುಳ್ಳಿ ಹಾಕಿದ ಸಾರು ಬೇಡ. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟು ನಾಯಿಗೆ ವಿಷ. ಮಕ್ಕಳ ತಟ್ಟೆಯಿಂದ ಏನೇನು ಕೆಳಗೆ ಬೀಳುತ್ತದೆ ಅನ್ನುವುದರ ಮೇಲೆ ಕಣ್ಣಿರಲಿ.

ನಾಯಿ ಬಂದ ಮೇಲೆ ಥೆರಪಿ ಬಿಡಬಹುದಾ? ಬಿಡಬಾರದು. ಸ್ಪೀಚ್ ಥೆರಪಿಗೆ, ಒಟಿಗೆ (ದಿನದ ಕೆಲಸಗಳನ್ನು ಕಲಿಸುವ ಆಕ್ಯುಪೇಷನಲ್ ಥೆರಪಿಗೆ) ನಾಯಿ ಬದಲಿಯಲ್ಲ. ಬೇಕಾದರೆ ಥೆರಪಿಸ್ಟ್ ಹತ್ತಿರ ಕೇಳಿ, ಅಲ್ಲಿ ಕಲಿತದ್ದನ್ನು ನಾಯಿಯ ಜೊತೆ ಮನೆಯಲ್ಲಿ ಹೇಗೆ ಮಾಡಿಸಬಹುದು ಅಂತ. ಅನ್ನ ಅಳೆದು ಹಾಕುವುದು, ಬ್ರಷ್ ಮಾಡುವುದು, ಹೀಗೆ.

ಮರಿ ಸಾಕುವಷ್ಟು ಹೊತ್ತೇ ಇಲ್ಲ ಅಂದವರು ಇದ್ದರು. ಅವರಿಗೆ ನನ್ನ ಸಲಹೆ, ಎರಡು-ಮೂರು ವರ್ಷದ ದೊಡ್ಡ ನಾಯಿ. ಮಕ್ಕಳ ಜೊತೆ ಬೆಳೆದದ್ದು, ಸ್ವಭಾವ ಗೊತ್ತಿರುವಂಥದ್ದು. ಬೇರೆ ಊರಿಗೆ ಹೋಗುವವರು ಕೊಡಲು ಹುಡುಕುತ್ತಿರುತ್ತಾರೆ. ಮರಿಯ ಮುದ್ದು ಇರುವುದಿಲ್ಲ, ನಿಜ. ಮರಿಯ ಹಲ್ಲೂ ಇರುವುದಿಲ್ಲ.

ಒಬ್ಬ ತಂದೆ ಎದ್ದು ನಿಂತು, ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾಯಿ ಸತ್ತು ಹೋದರೆ ಇವನಿಗೆ ಹೆಂಗೆ ಹೇಳೋದು ಸಾರ್?" ಅಂದರು. ನಾಯಿ ಬದುಕುವುದು ಹತ್ತು-ಹದಿಮೂರು ವರ್ಷ. ಇವತ್ತು ಏಳು ವರ್ಷದ ಮಗು ಆಗ ಇಪ್ಪತ್ತರ ಹತ್ತಿರ ಇರುತ್ತದೆ. "ಊರಿಗೆ ಹೋಗಿದೆ", "ಮಲಗಿದೆ" ಅಂತ ಹೇಳಬೇಡಿ. ಮಾತನ್ನು ಹಾಗೇ ನಂಬುವ ಮಕ್ಕಳು ದಿನಾ ಗೇಟಿನ ಹತ್ತಿರ ಕಾಯುತ್ತಾರೆ, ಅಥವಾ ಮಲಗಲು ಹೆದರುತ್ತಾರೆ. ಸತ್ತಿದೆ, ವಾಪಸ್ ಬರುವುದಿಲ್ಲ ಅಂತಲೇ ಹೇಳಿ. ನಾಯಿಗೆ ವಯಸ್ಸಾಗುತ್ತಿರುವಾಗಲೇ ಅದರ ಫೋಟೊಗಳನ್ನು ವರ್ಷದ ಕ್ರಮದಲ್ಲಿ ಜೋಡಿಸಿ ತೋರಿಸುತ್ತಾ ಬನ್ನಿ. ಮರಿ, ದೊಡ್ಡದು, ಮೂತಿ ಬೆಳ್ಳಗಾದದ್ದು.

ಕೊನೆಯ ಪ್ರಶ್ನೆ, ಯಾವಾಗ ತರಬೇಕು? ಹುಟ್ಟುಹಬ್ಬದ ದಿನ ಬೇಡ, ಮನೆ ತುಂಬ ಜನ ಇರುತ್ತಾರೆ. ಗಣೇಶನಿಂದ ದೀಪಾವಳಿವರೆಗೂ ಬೇಡ. ದೀಪಾವಳಿ ಪಟಾಕಿ ಮುಗಿಯಲಿ. ಮನೆಯಲ್ಲಿ ಒಬ್ಬರಿಗಾದರೂ ಎರಡು ವಾರ ರಜೆ ಸಿಗುವಂತಿದ್ದರೆ ಆಗ ತನ್ನಿ. ಅಲ್ಲಿಯವರೆಗೆ ಸುಮ್ನೆ ಕೂರಬೇಡಿ. ಗೇಟಿನ ಚಿಲಕ ನೋಡಿ, ಮೆಟ್ಟಿಲ ಕೆಳಗಿನ ಸಾಮಾನು ತೆಗೆಸಿ, ಮಗುವಿನ ಕೂಗು ರೆಕಾರ್ಡ್ ಮಾಡಿ. ನಾಳೆಯಿಂದಲೇ ಬೆಳಿಗ್ಗೆ ಐದೂವರೆಗೆ ಅಲಾರಂ ಇಟ್ಟುಕೊಳ್ಳಿ. ಒಂದು ತಿಂಗಳು ಎದ್ದು ಬೀದಿ ಕೊನೆಯವರೆಗೆ ನಡೆದು ಬನ್ನಿ, ಕೈಯಲ್ಲಿ ಚೈನಿಲ್ಲದೆ. ಆಮೇಲೂ ಮರಿ ಬೇಕು ಅನ್ನಿಸಿದರೆ ನನಗೆ ಫೋನ್ ಮಾಡಿ, ಮರಿ ನೋಡಲು ಒಟ್ಟಿಗೆ ಹೋಗೋಣ. ಸ್ಟೀಲ್ ತಟ್ಟೆ ನಾನೇ ತರುತ್ತೇನೆ.